ಐದನೇ ತಾರೀಖಿನ ಮಲ್ಲಣ್ಣ

ಒಂಬತ್ತಕ್ಕೆ ಪೂಜೆಗೆ ಕೂತರೆ ಒಂಬತ್ತು ಹದಿನಾಲ್ಕಕ್ಕೆ ನನ್ನ ಮಂಗಳಾರತಿ ಮುಗಿದಿರುತ್ತದೆ. ಒಂಬತ್ತೂಕಾಲಿಗೆ ಷೇರುಪೇಟೆ ತೆರೆಯುತ್ತದಲ್ಲ! ಶಿವ ಕಾಯಬಲ್ಲ, ಪೇಟೆ ಕಾಯುವುದಿಲ್ಲ. ಆಂಧ್ರದ ಗಡಿಯ ಆದೋನಿಯಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಲೆಕ್ಕ ಕಲಿಸಿದ ಮೇಷ್ಟರ ಭಕ್ತಿ ನಿವೃತ್ತಿಯ ನಂತರ ಈ ಮಟ್ಟಕ್ಕೆ ಬಂದಿದೆ.

ನಾನೊಬ್ಬನೇ ಕೆಟ್ಟಿಲ್ಲ ಎನ್ನುವುದೊಂದು ಸಮಾಧಾನ. ಚಹದಂಗಡಿಯಲ್ಲಿ ಮೊದಲು ಹತ್ತಿಯ ದರ, ಆಲೂರಿನ ಮಳೆ ಇಷ್ಟೇ ಮಾತು. ಈಗ ಕಟಿಂಗ್ ಅಂಗಡಿಯವನೂ ಕತ್ತರಿ ನಿಲ್ಲಿಸಿ ನಿಫ್ಟಿ ಎಷ್ಟಾಯಿತೆಂದು ಕೇಳುತ್ತಾನೆ. ಎಮ್ಮಿಗನೂರಿನ ನಮ್ಮ ಬೀಗರು ಸೀಮಂತದ ಊಟಕ್ಕೆ ಕೂತು ಮ್ಯೂಚುವಲ್ ಫಂಡಿನ ಮಾತು ತೆಗೆದರು. ನಮ್ಮ ಓಣಿಗೆ ಈ ಹುಚ್ಚು ಹಚ್ಚಿದವನು ಗೆಳೆಯ ಮಲ್ಲಣ್ಣ, ಹತ್ತಿಯ ಜಿನ್ನಿಂಗ್ ಮಿಲ್ಲಿನ ಗುಮಾಸ್ತ. ಪ್ರತಿ ತಿಂಗಳ ಐದಕ್ಕೆ ಬ್ಯಾಂಕಿನಿಂದ ಹಣ ತಾನಾಗಿ ಷೇರಿಗೆ ಹೋಗಬೇಕು, ನಾವು ಅದನ್ನು ಮರೆತೇಬಿಡಬೇಕು ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದ. ಹೋದ ವರ್ಷ ಶ್ರಾವಣದಲ್ಲಿ ಒಂದು ಮುಂಜಾನೆ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ.

ಮುಂದಿನ ಐದನೇ ತಾರೀಖು ಅವನ ಹೆಂಡತಿ ಗಂಗಮ್ಮ ನನಗೆ ಹೇಳಿಕಳಿಸಿದರು. ಫೋನಿನಲ್ಲಿ ಮಲ್ಲಣ್ಣನ ಹೆಸರು ಹಿಡಿದು ಅಭಿನಂದನೆ ಬಂದಿತ್ತು, ನಿಮ್ಮ ಖರೀದಿ ಯಶಸ್ವಿಯಾಗಿದೆ ಎಂದು.

“ಸರ, ಅವರು ಇನ್ನಾ ತಗೊಳ್ತಾ ಅದಾರೇನ್ರಿ?”

ಬ್ಯಾಂಕಿಗೆ ಸಾವಿನ ಸುದ್ದಿ ಗೊತ್ತಿಲ್ಲ, ಅದಕ್ಕೇ ಹೀಗೆ ಎಂದು ಪಾಠ ಹೇಳಿದೆ. ಮರಣ ಪತ್ರ ಕೊಟ್ಟು ಎಲ್ಲವನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದೆ. ಆಕೆ ಫೋನನ್ನು ಸೆರಗಿನಿಂದ ಒರೆಸಿ ಚಾರ್ಜಿಗೆ ಹಾಕಿದರು.

ಜಿಪುಣ ಸತ್ತರೆ ಹಾವಾಗಿ ಹೂತಿಟ್ಟ ನಿಧಿ ಕಾಯುತ್ತಾನೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಹಾವು ಪಾಪ, ಇದ್ದದ್ದನ್ನು ಕಾಯುತ್ತದೆ ಅಷ್ಟೆ. ಸತ್ತ ಮೇಲೂ ಕೂಡಿಹಾಕುವ ವಿದ್ಯೆ ನಮ್ಮ ಕಾಲದವರದು.

ಮಲ್ಲಣ್ಣನ ಪಾಸ್‌ಬುಕ್ಕು ನೋಡಿ ಲೆಕ್ಕ ಹಾಕಿದ್ದೆ. ಇದ್ದ ಹಣ ಆರು ತಿಂಗಳಿಗೆ ಮುಗಿಯುತ್ತಿತ್ತು. ಏಳನೆಯ ತಿಂಗಳು ಅಭಿನಂದನೆ ಬಂತು. ಎಂಟನೆಯ ತಿಂಗಳೂ ಬಂತು. ಪಂಚಾಂಗದ ಬೆನ್ನ ಮೇಲೆ ಮೂರು ಸಲ ಕಳೆದು ನೋಡಿದೆ, ಮೂರು ಸಲವೂ ಸೊನ್ನೆ. ಲೆಕ್ಕ ಸರಿಯಾಗಿದ್ದಕ್ಕೆ ನಾನು ಹೆದರಿದ್ದು ಅದೇ ಮೊದಲು. ಹೆಂಡತಿಗೂ ಹೇಳಲಿಲ್ಲ.

ಒಂಬತ್ತನೆಯ ತಿಂಗಳ ಐದಕ್ಕೆ ನಾನೇ ಹೋದೆ. ಮಟಮಟ ಮಧ್ಯಾಹ್ನ. ಮಲ್ಲಣ್ಣನ ಕುರ್ಚಿಯ ಮೇಲೆ ಅವನ ಫೋನು ಇಟ್ಟಿದ್ದರು. ಮಾತಾಡುತ್ತ ಕೂತಿದ್ದಾಗಲೇ ಅದು ಗುರ್ರೆಂದಿತು. ಖಾಲಿ ಕುರ್ಚಿ ಸಣ್ಣಗೆ ನಡುಗಿತು. ನಾನು ಒಂದು ಮಾರು ಹಿಂದೆ ಸರಿದೆ. ಖಾತೆಗೆ ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಹೇಗೋ ಕೇಳಿದೆ.

“ನಾನ ಹಾಕ್ತೀನ್ರಿ. ರೊಟ್ಟಿ ಮಾರಿದ್ದು.”

ಜೀವ ಬಂತು, ಹಿಂದೆಯೇ ಸಿಟ್ಟೂ ಬಂತು. ಬೆವರಿನ ದುಡ್ಡು ಸತ್ತವನ ಹೆಸರಿಗೆ ಹೋಗುತ್ತಿದೆ, ನಾಳೆ ನೀವು ಮಲಗಿದರೆ ಅದರಲ್ಲಿ ಒಂದು ರೂಪಾಯಿ ಕೈಗೆ ಸಿಗುವುದಿಲ್ಲ ಎಂದು ಗದರಿದೆ.

“ಬ್ಯಾಂಕಿಗೆ ಬರದು ಕೊಟ್ರ, ಅವರು ಇಲ್ಲಂತ ನಾನ ಹೇಳಿದಂಗ ಆಗ್ತೈತ್ರಿ,” ಎಂದರು.

ಎರಡು ತಿಂಗಳ ಮೇಲೆ ಅವರ ಮುಂಗೈ ಊದಿ ರೊಟ್ಟಿ ಬಡಿಯುವುದು ನಿಂತಿತು, ಔಷಧಕ್ಕೂ ತತ್ವಾರವಾಯಿತು. ಆಗ ಹೆಸರು ಬದಲಿಸುವ ಕಾಗದಕ್ಕೆ, ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ, ಸಹಿ ಹಾಕಿದರು. ಔಷಧಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದರಿಂದ ತಿಂಗಳಿಗಿಷ್ಟು ಖರೀದಿ ಅವರ ಹೆಸರಿನಲ್ಲೇ ಮುಂದುವರಿಯಲಿ ಎಂದಾಯಿತು. ತಾರೀಖು ಮಾತ್ರ ಐದೇ ಇರಬೇಕು ಎಂದರು.

ಆ ಐದು ಬಂತು. ‘ಗಂಗಮ್ಮ ಅವರಿಗೆ ಅಭಿನಂದನೆಗಳು’ ಎಂದು ಶಾಲೆಯಲ್ಲಿ ಬಹುಮಾನ ಕೊಡುವವನ ಹಾಗೆ ಗಟ್ಟಿಯಾಗಿ ಓದಿದೆ. ನಮ್ಮ ಓಣಿಗೆ ಇನ್ನೊಬ್ಬರು ಹೂಡಿಕೆದಾರರು ಸಿಕ್ಕರೆಂದು ನಕ್ಕೆ ಕೂಡ. ಅವರು ನಗಲಿಲ್ಲ. ಫೋನು ಇಸಿದುಕೊಂಡು, ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು.

“ಇವತ್ತ ಹೋದ್ರು ನೋಡ್ರಿ ಅವರು.”

ನಾನು ಎದ್ದೆ. ‘ಹೋಗಿ ಬರ್ತೀನಿ’ ಎನ್ನುವ ಮಾತು ಬಾಯಿತನಕ ಬಂದಿತ್ತು, ನುಂಗಿಕೊಂಡೆ. ಸಾವಾದ ಮನೆಯಿಂದ ಹೊರಡುವಾಗ ಹಾಗೆ ಹೇಳಬಾರದು.