ಮಂದಾ ಕಾಕುವಿನ ಚೀಟಿ

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಬೇರೆಯವರಿಗೆ ಸೀನು ಬರುತ್ತದೆ, ನನಗೆ ಕೊಲೆಗಳು ನೆನಪಾಗುತ್ತವೆ. ಅಪ್ಪ ರವಿವಾರ ಪೇಟೆಯ ಮೆಣಸಿನಕಾಯಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ವಾರಕ್ಕೊಂದು ಪತ್ತೇದಾರಿ ಕಾದಂಬರಿ ಬಾಡಿಗೆಗೆ ತಂದು, ಅಂಗಡಿಯ ಚೀಲದಲ್ಲೇ ಹಾಕಿಕೊಂಡು ಅನಗೋಳದ ಮನೆಗೆ ಬರುತ್ತಿದ್ದ. ಪುಟ ತಿರುವಿದರೆ ಕಣ್ಣುರಿ. ರವಿವಾರ ಊಟವಾದ ಮೇಲೆ ನಡುಮನೆಯ ತಣ್ಣನೆಯ ಫರಸಿಯ ಮೇಲೆ ಕಾಲು ಚಾಚಿ ಕೂತು ನಾವು ಕೇಳುವುದು, ಅಪ್ಪ ಸೀನುತ್ತ ಸೀನುತ್ತ ಜೋರಾಗಿ ಓದುವುದು. ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಬೇಕು. ಒಬ್ಬೊಬ್ಬರೂ ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆದು, ಮಡಚಿ, ಮೇಲೆ ತಮ್ಮ ಹೆಸರು ಹಾಕಿ ಅಜ್ಜಿಯ ಎಲೆಯಡಿಕೆ ಡಬ್ಬಿಗೆ ಹಾಕಬೇಕು. ಅವ್ವನಿಗೆ ಪ್ರತಿ ಸಲವೂ ಪತ್ತೇದಾರನ ಮೇಲೆಯೇ ಸಂಶಯ. "ಅಂವಗ ಎಲ್ಲಾ ಹೆಂಗ ಗೊತ್ತಾಗತೈತಿ?" ಎನ್ನುವುದು ಅವಳ ವಾದ. ಗೆಲ್ಲುತ್ತಿದ್ದವಳು ಮಾತ್ರ ಮಂದಾ ಕಾಕು.

ಕಾಕು ಎಂದರೆ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಹೆಂಡತಿ. ಕಾಕಾ ಮಿಲಿಟರಿಯಲ್ಲಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ. ಅವಳು ಖಾನಾಪುರದವಳು, ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳು. "ಹುಡಿಗಿಗೆ ಕನ್ನಡಾನೂ ಓದಾಕ ಬರಿಯಾಕ ಛಲೋ ಬರತೈತಿ" ಎಂದು ಅವಳ ಅಪ್ಪ ಹೇಳಿದ್ದನ್ನು ನಂಬಿ ಅಜ್ಜಿ ಸೊಸೆ ಮಾಡಿಕೊಂಡಿದ್ದಳು. ಸಂಜೆ ಪೂಜೆಯ ಹೊತ್ತಿಗೆ ಕಾಕು ವಚನದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಒಂದು ದಿನ ನಾನು ಅವಳ ಹೆಗಲ ಮೇಲಿಂದ ಇಣುಕಿದೆ. ಬಾಯಲ್ಲಿದ್ದ ವಚನ ಒಂದು, ಪುಟದಲ್ಲಿದ್ದದ್ದು ಇನ್ನೊಂದು. ಎಲ್ಲ ಬಾಯಿಪಾಠ, ಕನ್ನಡದ ಒಂದಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ಹಿತ್ತಲಿಗೆ ಕರೆದೊಯ್ದು ನನ್ನ ಎರಡೂ ಕೈ ಹಿಡಿದುಕೊಂಡಳು. "ಯಾರ ಮುಂದೂ ಹೇಳಬ್ಯಾಡ ಬಾಳಾ. ನಮ್ಮಪ್ಪ ಸುಳ್ಳ ಹೇಳಿ ಲಗ್ನಾ ಮಾಡಿದಾ ಅಂತಾರ." ಅವಳ ಮರಾಠಿಯಲ್ಲಿ ಮಗುವನ್ನು ಕರೆಯುವುದು 'ಬಾಳಾ' ಎಂದು. ಅಲ್ಲಿಯತನಕ ತಲೆನೋವೆಂದು ಆಟ ತಪ್ಪಿಸಿಕೊಳ್ಳುತ್ತಿದ್ದವಳು ಆಮೇಲೆ ಆಟಕ್ಕೆ ಬಂದಳು. ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಲೇ ಕಥೆ ಕೇಳಿ, "ನನ್ನ ಕೈ ಹಸಿ ಅದಾವ, ನೀನ ಬರಿ" ಎಂದು ಎಲ್ಲರಿಗೂ ಕೇಳುವಂತೆ ನನ್ನನ್ನು ಕರೆದು, ಕಿವಿಯಲ್ಲಿ ಹೆಸರು ಉಸುರುತ್ತಿದ್ದಳು. ಬಂದವಳೇ ಗೆಲ್ಲತೊಡಗಿದಳು. ಶಾಲೆಯಲ್ಲಿ ಮೊದಲನೆಯವಳಾದ ನಾನು ಮನೆಯಲ್ಲಿ ಅವಳ ಗುಮಾಸ್ತಳಾದೆ. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಆ ರವಿವಾರ ನಾಗರಪಂಚಮಿಗೆ ಮೂರೇ ದಿನ ಉಳಿದಿತ್ತು. ಮರುದಿನ ಕಾಕುವಿನ ಅಣ್ಣ ಅವಳನ್ನು ಹಬ್ಬಕ್ಕೆ ತವರಿಗೆ ಕರೆದೊಯ್ಯಲು ಬರುವವನಿದ್ದ. ಮನೆಗೆಲಸ ಕೆಡುತ್ತದೆಂದು ಅಜ್ಜಿ ಮೂರು ವರ್ಷ ಅವಳನ್ನು ತವರಿಗೆ ಕಳಿಸಿರಲಿಲ್ಲ. ಅಂದು ಎಲೆಗೆ ಸುಣ್ಣ ಹಚ್ಚುತ್ತ ನಗುನಗುತ್ತ ಹೇಳಿದಳು: "ಮಂದಾ, ಈ ಕೊಲಿ ಮಾಡಿದವರನ್ನ ಹಿಡದ್ಯಂದ್ರ ತವರಮನಿಗೆ ಹೋಗಾಕಿ. ಇಲ್ಲಾಂದ್ರ ಇಲ್ಲೇ ಹಬ್ಬದ ಉಂಡಿ ಕಟ್ಟಾಕಿ." ಅಜ್ಜಿ ಆಡಿದ ಮಾತಿಗೆ ತಪ್ಪುವವಳಲ್ಲ. "ಖರೇನ್ರಿ ಅತ್ತಿ?" ಎಂದ ಕಾಕುವಿನ ಕೈಯಲ್ಲಿ ತಟ್ಟೆ ಹಾಗೇ ನಿಂತಿತು.

ಕಥೆ ಒಂದು ಕಾಲೇಜಿನದು. ಪ್ರಿನ್ಸಿಪಾಲರಿಗೆ ಜವಾನ ತಂದಿಟ್ಟ ಕುಡಿಯುವ ನೀರಿನಲ್ಲಿ ಯಾರೋ ವಿಷ ಬೆರೆಸಿದ್ದರು. ವಿಷವೆಂದ ಮೇಲೆ ಕೆಮಿಸ್ಟ್ರಿ ಮೇಷ್ಟ್ರೇ ಎಂದು ಅಪ್ಪ, ಅಜ್ಜಿ, ನಾನು ತೀರ್ಮಾನಿಸಿಬಿಟ್ಟಿದ್ದೆವು. ಕಾಕು ಬಚ್ಚಲಿಗೆ ಕರೆದು ಪಿಸುಗುಟ್ಟಿದಳು: "ಹಾಸ್ಟೆಲ್ ವಾರ್ಡನ್ ಬಾಯಿ. ಮುಂಜಾನೆದ್ದು ಒಲಿ ಮುಂದನ ಇದ್ನಿ ಅಂತಾಳ. ಹುಡುಗ್ಯಾರು ತಿಂದದ್ದು ಮೊಸರವಲಕ್ಕಿ. ಒಲೀನ ಹಚ್ಚಿಲ್ಲಲ್ಲ!" ಕೇಳಿದ ಕ್ಷಣವೇ ಅವಳು ಹೇಳಿದ್ದು ಸರಿ ಎಂದು ನನಗೆ ತಿಳಿಯಿತು. ಅಲ್ಲೇ ಅವಳ ಎದುರಿಗೇ ಕೂತು ನನ್ನ ಚೀಟಿಯಲ್ಲಿ 'ವಾರ್ಡನ್' ಎಂದು ಬರೆದೆ, ಅವಳ ಚೀಟಿಯಲ್ಲಿ 'ಜವಾನ' ಎಂದು. ಅವಳು ಹೋದರೆ ನನಗೆ ಬೇಸರವಾಗುತ್ತಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದುಂಟು. ಸುಳ್ಳು. ನನಗೆ ಗೆಲ್ಲಬೇಕಾಗಿತ್ತು, ಅಷ್ಟೇ.

ಅಪ್ಪ ಕೊನೆಯ ಅಧ್ಯಾಯ ಓದಿದ. ವಾರ್ಡನ್ ಸಿಕ್ಕಿಬಿದ್ದಳು. ಅಜ್ಜಿ ಚೀಟಿ ಬಿಚ್ಚಿದಳು. "ಅಯ್ಯ, ಪಾಪದ ಜವಾನನ್ನ ನೇಣಿಗೆ ಹಾಕಿದೆಲ್ಲ ಮಂದಾ!" ಎಂದಾಗ ಮನೆಯೆಲ್ಲ ನಕ್ಕಿತು. ನನ್ನ ಚೀಟಿ ಬಿಚ್ಚಿದಾಗ ಅಪ್ಪ ನನ್ನನ್ನು ಎತ್ತಿ ತಿರುಗಿಸಿದ. ತಾನು ಹೇಳಿದ್ದು ಬೇರೆ ಎಂದು ಕಾಕು ಅಂದರೆ, ಚೀಟಿಯನ್ನೇಕೆ ಓದಿ ನೋಡಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. "ಉಂಡಿಗೆ ಬೆಲ್ಲಾ ಎಷ್ಟ ಕುಟ್ಟಲಿರಿ ಅತ್ತಿ?" ಎಂದು ಕೇಳಿ ಒಳಗೆ ಹೋದಳು. ಮರುದಿನ ಬಂದ ಅವಳ ಅಣ್ಣ ಪಡಸಾಲೆಯಲ್ಲಿ ಚಹಾ ಕುಡಿದು, ಖಾಲಿ ಚೀಲ ಮಡಚಿಕೊಂಡು ಖಾನಾಪುರದ ಬಸ್ಸಿಗೆ ನಡೆದ. ಮುಂದಿನ ಪಂಚಮಿಯ ಹೊತ್ತಿಗೆ ಅವಳ ತಾಯಿ ಇರಲಿಲ್ಲ.

ಈಗ ಅಜ್ಜಿಯಿಲ್ಲ, ಅಪ್ಪನಿಲ್ಲ. ಅನಗೋಳದ ಆ ಮನೆ ಇದ್ದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಅದರ ಗೇಟಿನಲ್ಲಿ ನನ್ನನ್ನು ಯಾರೆಂದು ಕೇಳುತ್ತಾರೆ. ಹೋದ ವರ್ಷ ಕಾಕುವನ್ನು ನೆಹರು ನಗರದ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಇನ್ನು ಹೆಚ್ಚು ದಿನವಿಲ್ಲವೆಂದು ಗೊತ್ತಾದ ಮೇಲೆಯೇ ನನಗೆ ಧೈರ್ಯ ಬಂತು. "ಕಾಕು, ಅವತ್ತ ನಾ ಬೇಕಂತನ ತಪ್ಪ ಬರದಿದ್ನಿ," ಎಂದೆ. ಅವಳು ಆಶ್ಚರ್ಯಪಡಲಿಲ್ಲ.

"ನಿನ್ನ ಚೀಟಿ ನೋಡಿ ನೋಡಿ ನಾಕ ಅಕ್ಷರ ಗುರುತ ಹಿಡಿಯಾಕ ಹತ್ತಿದ್ನಿ ಬಾಳಾ. ನೀ ಬರದದ್ದು ವಾರ್ಡನ್ ಅಲ್ಲಾ ಅಂತ ಮಡಚೂಕಿಂತಾ ಮೊದಲ ಗೊತ್ತಾತು. ಆದ್ರ ಚೀಟಿ ಬಿಚ್ಚಾಕ ಇನ್ನೂ ಯಾಳೆ ಇತ್ತಲ್ಲ. ನೀನ ಎದ್ದು ಹೇಳತಿ ಅಂತ ಕಾಯ್ಕೋತ ನಿಂತ್ನಿ." ಹೊದಿಕೆ ಎಳೆದುಕೊಂಡು, "ಆಮ್ಯಾಲೆ ಅಕ್ಷರ ಕಲಿಯೂದ ಬಿಟ್ನಿ," ಎಂದಳು. ಎಂಟು ದಿನಕ್ಕೆ ಹೋದಳು.

ಆ ಕೊನೆಯ ಅಧ್ಯಾಯ ಓದಲು ಅಪ್ಪನಿಗೆ ಅರ್ಧ ತಾಸು ಹಿಡಿದಿತ್ತು. ಆ ಅರ್ಧ ತಾಸೂ ಅವಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಿರಬೇಕು. ನಾನು ಕಥೆ ಕೇಳುತ್ತಿದ್ದೆ.