ಅತ್ತೆಯ ಗಡ್ಡೆಗೆ ತಿದಿಯ ಗಾಳಿ

ನಾನು ಬಬಲೇಶ್ವರದಿಂದ ಟಿಕೋಟಾದ ಕಮ್ಮಾರರ ಮನೆಗೆ ಸೊಸೆಯಾಗಿ ಬಂದದ್ದು ಎರಡನೇ ಮಹಾಯುದ್ಧ ನಡೆದಿದ್ದ ಕಾಲದಲ್ಲಿ. ಗಂಡ ಮದುವೆಯಾದ ಮೂರೇ ತಿಂಗಳಿಗೆ ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆಂದು ಪುಣೆಗೆ ಹೋದರು. ಮನೆಯಲ್ಲಿ ಉಳಿದವರು ಮಾವ, ಅತ್ತೆ, ನಾನು, ಮತ್ತೆ ಕುಲುಮೆ. ತವರಿನಲ್ಲೂ ಕುಲುಮೆ ಇತ್ತು, ಬೆಂಕಿಗೆ ಗಾಳಿ ಊದುವ ತಿದಿ ಒತ್ತುವುದು ನನಗೇನೂ ಹೊಸದಲ್ಲ. ಆದರೆ ಅತ್ತೆ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು.

"ಏಳ ಮ್ಯಾಲ. ನಿನ್ನ ಕೈಯಾಗ ಗಾಳಿ ಇಲ್ಲ."

ಮೂವತ್ತು ವರ್ಷ ಆ ಚರ್ಮದ ತಿದಿ ಒತ್ತಿ ಮಾವನ ಬೆಂಕಿ ಉರಿಸಿದವರು ಅವರು. ಮಾವನ ಸುತ್ತಿಗೆ ಓಣಿಗೆಲ್ಲ ಕೇಳಿಸುತ್ತಿತ್ತು. ಅತ್ತೆ ಬಾಯಿ ತೆಗೆದರೆ ಸುತ್ತಿಗೆ ಕೇಳಿಸುತ್ತಿರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಬರುವ ಲಕ್ಷಣವೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಈ ಬಾಯಿ ನಾಲ್ಕು ದಿನ ಮುಚ್ಚಲಿ ದೇವರೇ, ಐದು ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತಿದ್ದೆ.

ಮರುವರ್ಷ ಅವರ ಎಡಗೆನ್ನೆಯ ಒಳಗೆ, ತಂಬಾಕು ಇಟ್ಟುಕೊಳ್ಳುವ ಜಾಗದಲ್ಲೇ, ಗಡ್ಡೆ ಎದ್ದಿತು. ವಿಜಯಪುರಕ್ಕೆ ಕರೆದೊಯ್ದೆವು, ಆಗ ವಿಜಾಪುರ ಅನ್ನುತ್ತಿದ್ದೆವು. ಅಲ್ಲಿಯ ಆಸ್ಪತ್ರೆಗೆ ದೂರದ ಊರಿನ ಡಾಕ್ಟರೊಬ್ಬರು ಆಗೊಮ್ಮೆ ಈಗೊಮ್ಮೆ ಸೀಸದ ಡಬ್ಬಿಯಲ್ಲಿ ರೇಡಿಯಂ ಸೂಜಿ ತರುತ್ತಿದ್ದರು. ಅದನ್ನು ಗಡ್ಡೆಗೆ ಚುಚ್ಚಿ ಕೆಲವು ದಿನ ಬಿಟ್ಟರೆ ಕಿರಣ ಗಡ್ಡೆಯನ್ನು ಒಳಗಿಂದ ಸುಡುತ್ತದಂತೆ. ಅವರು ಅತ್ತೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅದು ಸುಣ್ಣದ ಹಾಗೆ ಬೆಳ್ಳಗಿತ್ತು.

"ಇವರ ಮೈಯಾಗ ರಕ್ತನ ಇಲ್ಲರಿ. ನಾವು ಎಳಕೊಂಡ ಉಸಿರು ರಕ್ತದ ಕೂಡ ಗಡ್ಡಿ ನಡುವಿನತನಕ ಹೋಗಬೇಕು. ಉಸಿರು ಮುಟ್ಟದ ಕಡಿ ಈ ಕಿರಣ ಛಲೋ ಸುಡೂದಿಲ್ಲ. ಬೇರು ಉಳಿದು ಮತ್ತ ಬೆಳೀತೈತಿ. ಎರಡು ತಿಂಗಳು ರಕ್ತ ಬೆಳೆಸಿ ಕರಕೊಂಡ ಬರ್ರಿ. ಇದ್ದಲಿ ಹೊಗಿ ಕಡಿ ಮಾತ್ರ ಸುಳಿಗೊಡಬ್ಯಾಡ್ರಿ. ಅದು ರಕ್ತದೊಳಗ ಉಸಿರಿನ ಜಾಗಾ ಕಸಗೊಂಡ ಕೂಡತೈತಿ."

ಮಾವ ಹೊರಗೆ ಬಂದು ಪೇಟ ಸರಿಮಾಡಿಕೊಂಡರು. "ಗಾಳಿ ಇಲ್ದ ಬೆಂಕಿ ಸುಡೂದಿಲ್ಲ. ಇಷ್ಟ ಹೇಳಾಕ ಅಷ್ಟು ದೊಡ್ಡ ಸಾಲಿ ಕಲೀಬೇಕಾತೇನು?"

ಡಾಕ್ಟರು ಹೇಳಿದ್ದರಲ್ಲಿ ಅರ್ಧ ಅವರ ಕಿವಿಗೆ ಹೋಗಿತ್ತು. ಆ ಅರ್ಧವನ್ನು ಹಿಡಿದು ಅವರು ಚಿಕಿತ್ಸೆ ಶುರುಮಾಡಿದರು. ಹೊಗೆಯ ಮಾತನ್ನು ನಾನು ನೆನಪಿಸಿದ್ದಕ್ಕೆ ಅತ್ತೆಯನ್ನು ಕುಲುಮೆಯಿಂದ ದೂರ ಇಟ್ಟು, ತಿದಿಯನ್ನೂ ತಾವೇ ಒತ್ತಿಕೊಂಡರು. ಆಸ್ಪತ್ರೆಯವರು ರಕ್ತಕ್ಕೆಂದು ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ಅದು ಅವರಿಗೆ ಅವಮಾನವಾಗಿ ಕಂಡಿತು. "ಕಮ್ಮಾರನ ಹೇಣ್ತಿಗೆ ಹೊರಗಿಂದ ಕಬ್ಬಿಣ ತರೂದೇನು?" ಎಂದು ಗುಳಿಗೆಯನ್ನು ಗೋಡೆಯ ಮಾಡದ ಮೂಲೆಗೆ ತಳ್ಳಿ, ಕೆಂಪಗೆ ಕಾಸಿದ ಕಬ್ಬಿಣವನ್ನು ನೀರಿನಲ್ಲಿ ಅದ್ದಿ ಆ ನೀರು ಕುಡಿಸತೊಡಗಿದರು. ಬೆಳಿಗ್ಗೆ ಕುಡುಗೋಲಿನ ನೀರು, ಸಂಜೆ ಎತ್ತಿನ ಲಾಳದ ನೀರು. ನಾನು ಗುಳಿಗೆ ಪುಡಿಮಾಡಿ ಮೆಂತ್ಯಪಲ್ಲೆಯಲ್ಲಿ ಕಲಸಿ ಹಾಕುತ್ತಿದ್ದೆ. ಪಲ್ಲೆಗೆ ತುಕ್ಕಿನ ವಾಸನೆ ಬರುತ್ತದೆಂದು ಅತ್ತೆ ಬೈದರೆ, ಲಾಳದ ನೀರಿನ ಗುಣ ಎಂದು ಮಾವ ಹಿಗ್ಗುತ್ತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ದಿನಾ ಸಂಜೆ ಹಳೆಯ ಸಣ್ಣ ತಿದಿಯನ್ನು ಅಂಗಳಕ್ಕೆ ತಂದು, ಅದರ ಮೂತಿಯನ್ನು ಅತ್ತೆಯ ಕೆನ್ನೆಗೆ ಹಿಡಿದು ಗಾಳಿ ಹೊಡೆಯುತ್ತಿದ್ದರು. ಮೂವತ್ತು ವರ್ಷದ ಬೂದಿ ಅತ್ತೆಯ ಮೂಗಿಗೆ ಹಾರುತ್ತಿತ್ತು.

"ನಾ ಏನ ಕಾಸಾಕ ಇಟ್ಟ ಕುಡುಗೋಲೇನು?"

"ಬಾಯಿ ತೆಗಿ. ಗಡ್ಡಿಗೆ ಗಾಳಿ ಹೋಗಲಿ."

ಓಣಿಯವರು ನೋಡಲು ಬರುತ್ತಿದ್ದರು. ಎಡಗಡೆಯಿಂದ ಹೊಡೆಯಿರಿ ಎಂದು ಒಬ್ಬರು, ಪಡುವಣ ಗಾಳಿ ಒಳ್ಳೆಯದಲ್ಲ ಎಂದು ಇನ್ನೊಬ್ಬರು. ಎರಡು ತಿಂಗಳು ಕಳೆದು ಹೊರಡುವಾಗ ಮಾವ ಆ ತಿದಿಯನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡರು. ರೇಡಿಯಂ ಸುಡುವಾಗ ತಾವು ಪಕ್ಕದಲ್ಲಿ ಕೂತು ಗಾಳಿ ಹಾಕುತ್ತಾರಂತೆ.

ಪೆಟ್ರೋಲಿಗೆ ಬರ ಬಂದಿದ್ದ ದಿನಗಳವು. ಬಸ್ಸಿನ ಹಿಂದೆ ಇದ್ದಲಿಯ ಒಲೆ ಕಟ್ಟಿದ್ದರು, ಅದರ ಹೊಗೆಯಿಂದಲೇ ಎಂಜಿನ್ನು ಓಡಬೇಕು. ಡ್ರೈವರನನ್ನು ಕಾಡಿಬೇಡಿ ಅತ್ತೆಯನ್ನು ಹೊಗೆ ತಾಗದಂತೆ ಮುಂದುಗಡೆ ಕೂರಿಸಿದೆವು. ಅರ್ಧ ದಾರಿಯಲ್ಲಿ ಒಲೆಗೆ ಗಾಳಿ ಹಾಕುವ ಯಂತ್ರದ ಹಿಡಿಕೆ ಮುರಿದು, ಬೆಂಕಿ ಆರಿ, ಬಸ್ಸು ನಿಂತಿತು. ಮಧ್ಯಾಹ್ನದೊಳಗೆ ಬಂದವರಿಗೇ ಸೂಜಿ ಎಂದು ಆಸ್ಪತ್ರೆಯವರು ಹೇಳಿಕಳಿಸಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ತಲೆಯ ಮೇಲೆ ಕೈಹೊತ್ತೆ.

ಮಾವ ಮಾತ್ರ ನಗುತ್ತ ಗೋಣಿಚೀಲ ಬಿಚ್ಚಿದರು. ತಿದಿಯ ಮೂತಿಯನ್ನು ಬಸ್ಸಿನ ಒಲೆಗೆ ಕೊಟ್ಟು ಎರಡೂ ಕೈಯಿಂದ ಹಿಡಿದುಕೊಂಡರು. ಒತ್ತಲು ಯಾರಾದರೂ ಬೇಕಲ್ಲ? ಅತ್ತೆ ಆಗಲೇ ಇಳಿದು ಬಂದು, ಸೀರೆ ಮೇಲೆ ಕಟ್ಟಿ, ಹೊಗೆಯ ಬಾಯಿಗೇ ಕುಕ್ಕರಿಸಿದ್ದರು.

ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಅವರ ರಟ್ಟೆ ಹಿಡಿದು ಎಬ್ಬಿಸಿದೆ. "ಏಳ್ರಿ ಅತ್ತಿ! ಹೊಗಿ ಕುಡದ್ರ ಗಡ್ಡಿ ಉಳಿತೈತಿ! ಸಾಯಬೇಕಂತ ಮಾಡೀರೇನು?"

ಅವರ ಜಾಗದಲ್ಲಿ ತಿದಿ ಒತ್ತಲು ನಾನು ಕೂತೆ. ಅತ್ತೆ ಮೊದಲ ಬಾರಿಗೆ ನನ್ನ ಮಾತು ಕೇಳಿದರು. ಗಾಳಿಗೆ ಎದುರಾಗಿ ಜೋಳದ ಹೊಲದೊಳಗೆ ನಡೆದು ಹೋಗಿ, ಅಲ್ಲಿಂದ ಕೂಗಿ ಹೇಳಿಕೊಡತೊಡಗಿದರು. "ನೆಟ್ಟಗ ಒತ್ತ! ಮೊಣಕೈ ಬಳಸ! ಅಯ್ಯ, ಇದರ ಕೈಯಾಗ ಗಾಳಿ ಇಲ್ಲರಿ!" ಬಸ್ಸಿನ ಜನವೆಲ್ಲ ಕೆಳಗಿಳಿದು ನನ್ನ ಕೈಯನ್ನೇ ನೋಡುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಕಡೆಗೂ ಎಂಜಿನ್ನು ಕೆಮ್ಮಿ ಎದ್ದಿತು. ಮಧ್ಯಾಹ್ನಕ್ಕೆ ಮೊದಲೇ ಆಸ್ಪತ್ರೆ ಮುಟ್ಟಿದೆವು.

ಡಾಕ್ಟರು ರೆಪ್ಪೆ ಎಳೆದು ನೋಡಿ, ಕೆಂಪು ಬಂದಿದೆ ಎಂದರು. ಸೂಜಿಗಳು ಕೆನ್ನೆಗೆ ಹೋದವು. ತಿದಿಯನ್ನು ನರ್ಸಮ್ಮ ಬಾಗಿಲಲ್ಲೇ ತಡೆದಳು. ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಮುನಿಸಿಕೊಂಡು ಕೂತರು.

ಅತ್ತೆಯ ಬಾಯಿ ಮುಚ್ಚಿತು. ಸೂಜಿ ತೆಗೆದ ಮೇಲೂ ಬಾಯಿಯೆಲ್ಲ ಹುಣ್ಣಾಗಿ, ಊರಿಗೆ ಬಂದು ವಾರಗಳಾದರೂ ಮಾತಿಲ್ಲ. ನನ್ನ ಹರಕೆ ಫಲಿಸಿತ್ತು. ಆ ಐದು ಕಾಯಿ ಒಡೆಸಲು ಮಾತ್ರ ನನಗೆ ಮನಸ್ಸಾಗಲಿಲ್ಲ. ತಪಾಸಣೆಗೆ ಹೋದಾಗ ಡಾಕ್ಟರು ಬೆರಳಾಡಿಸಿ ನೋಡಿ, "ಗಡ್ಡಿ ಕರಗೇತಿ. ಇನ್ನ ಮಾತಾಡ್ರಿ" ಎಂದರು. ಅತ್ತೆ ತಲೆಯಾಡಿಸಿದರು, ಅಷ್ಟೇ. ಹೆದರಿಕೆಯೋ ನೋವೋ ತಿಳಿಯಲಿಲ್ಲ. ಹೊಗೆ ತಾಗದಷ್ಟು ದೂರ ಬೇವಿನ ಮರದ ಕೆಳಗೆ ಕೂತು, ನಾನು ತಿದಿ ಒತ್ತುವುದನ್ನು ಸುಮ್ಮನೆ ನೋಡುತ್ತಿದ್ದರು. ಮನೆ ಬಿಕೋ ಅನ್ನುತ್ತಿತ್ತು. ಮಾವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಕುಲುಮೆಯಲ್ಲಿ ನೇಗಿಲಿನ ಕುಳ ಕಾಯುತ್ತಿತ್ತು. ನಾನು ಬೇಕೆಂದೇ ಕೈ ನಿಧಾನ ಮಾಡಿದೆ. ಬೆಂಕಿ ಕಪ್ಪಾಗತೊಡಗಿತು. ಮಾವ ನನ್ನ ಮುಖ ನೋಡಿದರು, ಬೇವಿನ ಕಡೆ ನೋಡಿದರು. ಇನ್ನೂ ನಿಧಾನ ಮಾಡಿದೆ. ಕುಳದ ಕೆಂಪು ಇಳಿಯಿತು.

"ಏಯ್! ಸತ್ತಿಯೇನ ಅಲ್ಲೆ?" ಬೇವಿನ ಕೆಳಗಿನಿಂದ ಒಡಕು ದನಿ ಬಂತು. "ಎಷ್ಟ ಸಲ ಹೇಳಬೇಕ ನಿನಗ? ನಿನ್ನ ಕೈಯಾಗ ಗಾಳಿ ಇಲ್ಲ!"

ಮಾವ ಸುತ್ತಿಗೆ ಕೆಳಗಿಟ್ಟು ಪೇಟದ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ತಿದಿಯ ಕೈಯನ್ನೇ ಬಿಟ್ಟುಬಿಟ್ಟೆ, ಇನ್ನೊಂದಿಷ್ಟು ಬೈಯಲಿ ಎಂದು.