ಕಂಟ್ರೋಲ್ ಫೋನಿನ ಸೀಟಿ

ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಸೂರ್ಯ ಕೆರಳಿ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿದಾಗ ಏಳುವ ರೇಡಿಯೊ ಅಲೆಗಳ ಬಗ್ಗೆ ನಾನು ಗಿಂಡಿಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಎರಡು ವರ್ಷ ಕಂಡದ್ದು ಬರೀ ಗೆರೆ, ಅಂಕಿ. ಒಂದು ಭಾನುವಾರ ಬೆಳಿಗ್ಗೆ, ಆ ಅಲೆಗಳನ್ನೇ ಸದ್ದಾಗಿಸಿದ ಕ್ಯಾಸೆಟ್ಟನ್ನು ವಡಪಳನಿಯ ನಮ್ಮ ಮನೆಯ ಟೇಪ್‌ರೆಕಾರ್ಡರಿಗೆ ಹಾಕಿದೆ. ಯಾವುದೋ ಚಳಿದೇಶದಲ್ಲಿ ಹಿಡಿದದ್ದು.

ಮೊದಲು ಚಿಲಿಪಿಲಿ, ನೂರಾರು ಹಕ್ಕಿಗಳು ಒಟ್ಟಿಗೆ ಎದ್ದ ಹಾಗೆ. ಭೂಮಿಯನ್ನು ಸಾವಿರಾರು ಮೈಲಿ ಆಚೆ ಸುತ್ತುವರಿದ ವಿಕಿರಣ ಪಟ್ಟಿಗಳಲ್ಲಿ ಎಲೆಕ್ಟ್ರಾನುಗಳಿಂದ ಏಳುವ ಅಲೆ ಅದು ಎಂದು ಪ್ರಬಂಧದಲ್ಲಿ ನಾನೇ ಬರೆದಿದ್ದೆ. ಕಿವಿಯಾರೆ ಕೇಳಿದಾಗ ಮೈ ಜುಮ್ಮೆಂದಿತು. ಗಾಳಿಯೇ ಇಲ್ಲದ ಕಡೆ ಇಷ್ಟೊಂದು ಸಡಗರ.

ಆಮೇಲೊಂದು ಸೀಟಿ, ಮೇಲಿನಿಂದ ಕೆಳಕ್ಕೆ ಜಾರಿತು. ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತಿದರು. ರೈಲ್ವೆಯಿಂದ ನಿವೃತ್ತರಾದವರು, ನನ್ನ ಓದಿನ ಗೊಡವೆಗೆ ಬಂದವರಲ್ಲ. ಇನ್ನೊಂದು ಸಲ ಹಾಕು ಎಂದರು. ಮೂರು ಸಲ ಹಾಕಿಸಿದರು.

“ಇದನ್ನ ನಾನು ಕೇಳಿದೀನಮ್ಮಾ. ಕಂಟ್ರೋಲ್ ಫೋನಲ್ಲಿ.”

ನಾನು ನಕ್ಕೆ. ಅವರು ನಗಲಿಲ್ಲ. ಅವರ ಮೊದಲ ಪೋಸ್ಟಿಂಗ್ ಹಿಮಾಲಯದ ತಪ್ಪಲಿನ ಸಣ್ಣ ಸ್ಟೇಷನ್ನಿನಲ್ಲಿ, ಸ್ಟೇಷನ್ ಮಾಸ್ಟರಾಗಿ. ರೈಲುಗಳಿಗೆ ಅಪ್ಪಣೆ ಬರುವ ಫೋನಿನಲ್ಲಿ ಕೆಲವು ದಿನ ಇದೇ ಸೀಟಿ. ಲೈನ್‌ಮ್ಯಾನ್ ಒಂದೊಂದೇ ಕಂಬ ಹತ್ತಿ ನೋಡಿ, ತಂತಿ ಸರಿಯಾಗಿದೆ ಎಂದನಂತೆ. ಅಪ್ಪ ನಂಬದೆ, ಕೆಲಸಗಳ್ಳ ಎಂದು ಮೇಲಧಿಕಾರಿಗಳಿಗೆ ಬರೆದರು. ಅವರು ಅವನನ್ನು ಹೆಂಡತಿ ಮಕ್ಕಳಿಂದ ದೂರ ಎಲ್ಲಿಗೋ ವರ್ಗ ಮಾಡಿ ಎತ್ತಿಹಾಕಿದರು.

ಭೂಮಿಯ ದಕ್ಷಿಣಾರ್ಧದಲ್ಲಿ ಹೊಡೆದ ಸಿಡಿಲಿನ ಅಲೆ ಕಾಂತರೇಖೆ ಹಿಡಿದು ಬಾಹ್ಯಾಕಾಶಕ್ಕೆ ಏರಿ ಉತ್ತರದಲ್ಲಿ ಇಳಿಯುತ್ತದೆ, ಸೂರ್ಯ ಕೆರಳಿದ ದಿನಗಳಲ್ಲಿ ನಮ್ಮ ದೇಶದಲ್ಲೂ ಸಿಗುತ್ತದೆ, ಉದ್ದನೆಯ ತಂತಿಯೇ ಅದಕ್ಕೆ ಏರಿಯಲ್ ಎಂದು ವಿವರಿಸಿದೆ. ಹೇಳುತ್ತಾ ನಾನೇ ದಂಗಾದೆ. ನಾನು ಹುಟ್ಟುವ ಮೊದಲೇ, ಅಪ್ಪನ ಕಿವಿಗೆ ಭೂಮಿಯ ಆ ಮಗ್ಗುಲಿನ ಸಿಡಿಲು ಅಷ್ಟು ದೂರ ಸುತ್ತಿ ಬಂದು ಮುಟ್ಟಿತ್ತು.

ಅಪ್ಪ ಮಾತ್ರ ಮಂಕಾಗಿದ್ದರು. ಮಧ್ಯಾಹ್ನ ಬೀರುವಿನಿಂದ ಇನ್‌ಲ್ಯಾಂಡ್ ಲೆಟರ್ ತೆಗೆದು, ಲೈನ್‌ಮ್ಯಾನನ ಊರಿನ ವಿಳಾಸ ನೆನಪು ಮಾಡಿಕೊಂಡು, ಅರ್ಧ ಮರೆತುಹೋದ ಹಿಂದಿಯಲ್ಲಿ ಬರೆಯಲು ಕೂತರು. ವಿಕಿರಣ ಪಟ್ಟಿ, ಕಾಂತರೇಖೆ ಎಲ್ಲ ಸೇರಿಸಿ ಎಂದು ಪಂಡಿತೆಯಂತೆ ಹಠ ಹಿಡಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆಯಾದ ಮೇಲೆ ಕಾಗದದಲ್ಲಿ ಇದ್ದದ್ದು ಇಷ್ಟೇ: “ಆ ಸದ್ದು ಆಕಾಶದ್ದು, ನನ್ನ ಮಗಳು ಕೇಳಿಸಿದಳು. ನೀವು ಸುಳ್ಳು ಹೇಳಿರಲಿಲ್ಲ. ಬದುಕಿದ್ದರೆ ಒಂದು ಸಾಲು ಬೈದಾದರೂ ಬರೆಯಿರಿ.”